ಬಳ್ಳಾರಿಯ ಲೇತ್ ಅಂಗಡಿಯಲ್ಲಿ ಮಾಡಿಸಿದ ಕಾಸ್ಟಿಂಗ್ ಬ್ಲೇಡ್: ಒಂದು ವರ್ಷ ಬಳಸಿದ ಮೇಲೆ

ಮೊದಲು ಬೆಲೆ ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. 2,800 ರೂಪಾಯಿ. ಅನಂತಪುರ ರಸ್ತೆಯ ಕಡೆ ಇರುವ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಒಂಬತ್ತು ದಿನ ಹಿಡಿಯಿತು.

ನಾನು ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ನಮ್ಮ ಪ್ರಾಜೆಕ್ಟ್ ಮಕ್ಕಳಿಗೆ ಪೊರೆ, ಅಂದರೆ ಮೆಂಬ್ರೇನ್, ಮಾಡಲು ಒಂದು ಬ್ಲೇಡ್ ಬೇಕಿತ್ತು. ಪ್ಲಾಸ್ಟಿಕ್ಕನ್ನು ಒಂದು ದ್ರವದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಎಳೆದು, ಗಾಜಿನ ಸಮೇತ ನೀರಿಗೆ ಇಳಿಸಿದರೆ ಪೊರೆ ಸಿದ್ಧ. ಕೆಲವೇ ಸೆಕೆಂಡಿನಲ್ಲಿ ಪಾರದರ್ಶಕ ಪದರ ಬೆಳ್ಳಗಾಗುತ್ತದೆ. ಮೊದಲ ಸಲ ನೋಡಿದವರು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಆ ತೆಳ್ಳಗೆ ಎಳೆಯುವ ಕೆಲಸ ಈ ಬ್ಲೇಡಿನದು.

ನೋಡಲು ಬಟ್ಟೆ ಸೋಪಿನ ಬಾರ್ ತರಹದ ಒಂದು ಸ್ಟೀಲ್ ದಿಮ್ಮಿ. ಉದ್ದ 12 ಸೆಂಟಿಮೀಟರ್. ನಾಲ್ಕು ಮುಖ. ಪ್ರತಿ ಮುಖದಲ್ಲೂ ಎರಡು ತುದಿ ಎತ್ತರ, ನಡುವಿನ ಭಾಗ ಸ್ವಲ್ಪ ತಗ್ಗು. ಗಾಜಿನ ಮೇಲೆ ಇಟ್ಟರೆ ತಗ್ಗಿನ ಜಾಗದಲ್ಲಿ ಒಂದು ಸಂದು ಉಳಿಯುತ್ತದೆ. ಒಂದು ಮುಖದಲ್ಲಿ 100 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಇನ್ನೊಂದರಲ್ಲಿ 150, ಆಮೇಲೆ 200, 250. ಮುಂದೆ ದ್ರಾವಣ ಸುರಿದು ದಿಮ್ಮಿಯನ್ನು ಎಳೆದರೆ ಹಿಂದೆ ಒಂದೇ ದಪ್ಪದ ಪದರ ಉಳಿಯುತ್ತದೆ. ನಮ್ಮ ಮಕ್ಕಳು ಆ ದ್ರಾವಣವನ್ನು ಗಂಜಿ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಈ ಪ್ರಾಜೆಕ್ಟ್ ಯಾಕೆ ಅಂದರೆ, ನಮ್ಮ ಊರು ಜೀನ್ಸ್ ಊರು. ತರಗತಿಯಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಹೊಲಿಗೆ ಮಷಿನ್ ಸದ್ದು ನಿಲ್ಲುವುದೇ ಇಲ್ಲ. ಹೊಸ ಜೀನ್ಸ್ ತೊಳೆದರೆ ಬರುವ ನೀಲಿ ನೀರು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಆ ನೀಲಿ ಇಂಡಿಗೊ. ಅದು ನೀರಿನಲ್ಲಿ ಕರಗುವುದಿಲ್ಲ. ತುಂಬಾ ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ, ಅಷ್ಟೇ. ಹಾಗಾಗಿ ಸರಿಯಾದ ಪೊರೆ ಇದ್ದರೆ ನೀಲಿ ಮೇಲೆ ಉಳಿದು ತಿಳಿ ನೀರು ಕೆಳಗೆ ಬರಬೇಕು. ಮಕ್ಕಳಿಗೆ ತಮ್ಮ ಕೈಯಲ್ಲೇ ಇದನ್ನು ತೋರಿಸಬೇಕು ಎಂಬುದು ನನ್ನ ಆಸೆ.

ಮೊದಲು ಬೇರೆ ಊರಿನ ಒಬ್ಬ ಸರಬರಾಜುದಾರರಿಂದ ಒಂದು ಬ್ಲೇಡ್ ತರಿಸಿದ್ದೆವು. ಬೆಲೆ ಇದರ ನಾಲ್ಕು ಪಟ್ಟು. ಅಲ್ಯೂಮಿನಿಯಂ ಚೌಕಟ್ಟು, ಎರಡು ಕಡೆ ತಿರುಪು. ತಿರುಪು ತಿರುಗಿಸಿ ಸಂದು ಹೊಂದಿಸಬೇಕು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಎಡಗಡೆ 200 ಇಟ್ಟರೆ ಬಲಗಡೆ 230 ಆಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅದರ ತೂಕ. ತುಂಬಾ ಹಗುರ. ಗಂಜಿ ಮಂದ ಇದ್ದರೆ ಬ್ಲೇಡ್ ಅದರ ಮೇಲೆ ತೇಲಿಬಿಡುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೇತ್ ಅಂಗಡಿಯ ದಾರಿ ತೋರಿಸಿದ್ದು ನಮ್ಮ ಒಬ್ಬ ವಿದ್ಯಾರ್ಥಿ. ಅವನ ಮಾವ ಲಾರಿ ಓಡಿಸುತ್ತಾರೆ. ಗಣಿ ಲಾರಿಗಳ ಬಿಡಿಭಾಗ ರಿಪೇರಿ ಮಾಡುವ ಅಂಗಡಿ ಅದು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ನಾನು ಹಾಳೆಯಲ್ಲಿ ಚಿತ್ರ ಬರೆದು 200 ಮೈಕ್ರಾನ್ ಅಂದೆ. ಅವರು ಚಿತ್ರವನ್ನು ಸುಮಾರು ಹೊತ್ತು ನೋಡಿದರು.

‘ಥೌದಾಗ ಹೇಳ್ರಿ ಮೇಡಂ. ಮೈಕ್ರಾನ್ ನಮ್ಗ ಕೈಗೆ ಬರಂಗಿಲ್ಲ.’

ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 25.4 ಮೈಕ್ರಾನ್. ಲೆಕ್ಕ ಹಾಕಿದರೆ ನನ್ನ ನಾಲ್ಕು ಸಂದುಗಳು ಹೆಚ್ಚುಕಡಿಮೆ ನಾಲ್ಕು, ಆರು, ಎಂಟು, ಹತ್ತು ಥೌ. ಎಷ್ಟು ಚೆನ್ನಾಗಿ ಹೊಂದಿತು ನೋಡಿ. ಅವರು ಕೂಡಲೇ ಒಪ್ಪಿಕೊಂಡರು. ‘ಎಂಟು ಥೌ ಅಂದ್ರ ಮೂರು ಕೂದ್ಲು ದಪ್ಪ. ಆಗ್ತೈತ್ರಿ.’ ತಿರುಪು ಬೇಡ, ಒಂದೇ ದಿಮ್ಮಿಯಲ್ಲಿ ನಾಲ್ಕು ಮುಖ ಕಡೆಯೋಣ ಎಂಬ ಸಲಹೆಯೂ ಅವರದೇ. ತಿರುಪು ಇದ್ದಲ್ಲಿ ಸಡಿಲ ಇದ್ದೇ ಇರುತ್ತದೆ ಅಂದರು. ಇದಕ್ಕೆ ಲೇತ್ ಒಂದೇ ಸಾಲದು, ಕೊನೆಗೆ ಸರ್ಫೇಸ್ ಗ್ರೈಂಡಿಂಗ್, ಅಂದರೆ ತಿರುಗುವ ಕಲ್ಲಿನಿಂದ ಮುಖವನ್ನು ಸಮತಟ್ಟಾಗಿ ಉಜ್ಜುವ ಕೆಲಸ, ಆಗಬೇಕು. ಅದರ ಯಂತ್ರ ಅವರ ಬಳಿ ಇತ್ತು.

ದಿಮ್ಮಿ ಕೈಗೆ ಬಂದ ದಿನ ಫೀಲರ್ ಗೇಜ್ ಹಾಕಿ ನೋಡಿದೆ. ಸ್ಕೂಟರ್ ಮೆಕ್ಯಾನಿಕ್ ಬಳಿ ಇರುವ ಅದೇ ತೆಳು ಪಟ್ಟಿಗಳ ಗೊಂಚಲು. 200ರ ಮುಖ ಎಡ, ನಡು, ಬಲ ಮೂರೂ ಕಡೆ ಒಂದೇ. 150 ಮತ್ತು 250 ಕೂಡ ಸರಿ. 100ರ ಮುಖ ಮಾತ್ರ ಒಂದು ತುದಿಯಲ್ಲಿ ಸ್ವಲ್ಪ ಬಿಗಿ. ವಾಪಸ್ ಒಯ್ದಾಗ ದುಡ್ಡು ಕೇಳದೆ ಉಜ್ಜಿಕೊಟ್ಟರು. ಆದರೂ ಅದು ಪೂರ್ತಿ ಸರಿಯಾಗಿಲ್ಲ. ನಾವು ಆ ಮುಖ ಬಳಸುವುದೇ ಇಲ್ಲ.

ಈಗ ಉಪ್ಪಿನ ವಿಷಯ. ಈ ಬ್ಲೇಡ್ ನಿಜವಾಗಿ ಕೆಲಸಕ್ಕೆ ಬಂದದ್ದು ಅಲ್ಲಿ.

ನಮ್ಮ ಗಂಜಿಯಲ್ಲಿ ಇರುವುದು ಪಿವಿಡಿಎಫ್ ಎಂಬ ಪ್ಲಾಸ್ಟಿಕ್, 100 ಗ್ರಾಂ ಗಂಜಿಗೆ 15 ಗ್ರಾಂ. ಕರಗಿಸಲು ಡೈಮೀಥೈಲ್ ಅಸಿಟಮೈಡ್. 60 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಕಲಕಬೇಕು. ಇದಕ್ಕೆ ಲಿಥಿಯಂ ಕ್ಲೋರೈಡ್ ಎಂಬ ಉಪ್ಪು ಸೇರಿಸುವ ರೂಢಿ ಇದೆ. ಪ್ಲಾಸ್ಟಿಕ್‌ಗಿಂತ ಮೊದಲು ಉಪ್ಪು ಹಾಕಿ ಕರಗಿಸಬೇಕು. ಆಮೇಲೆ ಹಾಕಿದರೆ ಕರಗಲು ತುಂಬಾ ಸತಾಯಿಸುತ್ತದೆ. ಈ ಉಪ್ಪು ಗಾಳಿಯ ತೇವ ಹೀರಿ ನೀರಾಗುವ ಜಾತಿ. ಓವನ್‌ನಲ್ಲಿ ಒಣಗಿಸಿ ತಕ್ಷಣ ತೂಗಬೇಕು. ಮಳೆಗಾಲದಲ್ಲಿ ತೂಕದ ತಟ್ಟೆಯ ಮೇಲೆಯೇ ಅಂಕಿ ಏರುತ್ತಿರುತ್ತದೆ. ಕೊನೆಗೆ ಗಂಜಿಯನ್ನು ಮುಚ್ಚಿ ಒಂದು ರಾತ್ರಿ ಸುಮ್ನೆ ಬಿಡಬೇಕು, ಗುಳ್ಳೆ ಎಲ್ಲ ಮೇಲೆ ಬಂದು ಹೋಗಲು.

ಹಳೆಯ ಬ್ಲೇಡಿನಲ್ಲಿ ನಾವು ಒಂದು ಇಡೀ ಸೆಮಿಸ್ಟರ್ ಈ ಪ್ರಯೋಗ ಮಾಡಿದ್ದೆವು. ಉಪ್ಪು ಇಲ್ಲದ್ದು, 2 ಗ್ರಾಂ ಇರುವುದು, 7 ಗ್ರಾಂ ಇರುವುದು. ಫಲಿತಾಂಶ ದಿನಕ್ಕೊಂದು ಬಣ್ಣ. ಒಂದು ದಿನ ಉಪ್ಪು ಹಾಕಿದ ಪೊರೆಯ ಹಾಳೆಯಲ್ಲಿ ನೀರು ಬೇಗ ಇಳಿಯಿತು, ಮರುದಿನ ನಿಧಾನ. ಉಪ್ಪಿನಿಂದ ಏನೂ ಆಗುವುದಿಲ್ಲ ಎಂದು ಮಕ್ಕಳು ವರದಿಯಲ್ಲಿ ಬರೆಯಲು ಹೊರಟಿದ್ದರು. ಕಾರಣ ಗೊತ್ತಾದದ್ದು ಒಣಗಿದ ಹಾಳೆಗಳ ದಪ್ಪ ಅಳೆದಾಗ. ಉಪ್ಪು ಜಾಸ್ತಿ ಆದಂತೆ ಗಂಜಿ ಮಂದ ಆಗುತ್ತದೆ. ಮಂದ ಗಂಜಿಯ ಮೇಲೆ ಹಗುರ ಬ್ಲೇಡ್ ತೇಲುತ್ತದೆ. ಹಾಳೆ ದಪ್ಪ ಬರುತ್ತದೆ. ದಪ್ಪ ಹಾಳೆಯಲ್ಲಿ ನೀರು ನಿಧಾನ. ನಾವು ಅಳೆಯುತ್ತಿದ್ದದ್ದು ಉಪ್ಪನ್ನಲ್ಲ, ಬ್ಲೇಡನ್ನು. ಆ ದಿನ ನನಗೆ ತುಂಬಾ ಬೇಸರವಾಯಿತು. ಮಕ್ಕಳ ಆರು ತಿಂಗಳ ದುಡಿಮೆ ಅಲ್ವಾ?

ಹೊಸ ದಿಮ್ಮಿ ಭಾರ ಇದೆ. ಮಂದ ಗಂಜಿಯ ಮೇಲೂ ಗಾಜಿಗೆ ಅಂಟಿಕೊಂಡೇ ಜಾರುತ್ತದೆ. ಅದೇ ಮೂರು ಗಂಜಿ, 200ರ ಮುಖ, ಒಂದೇ ದಿನ. ಮೂರೂ ಹಾಳೆಗಳ ದಪ್ಪ ಒಂದಕ್ಕೊಂದು ತೀರಾ ಹತ್ತಿರ ಬಂತು. (ಸಂದು 200 ಇದ್ದರೂ ಗಟ್ಟಿಯಾದ ಹಾಳೆ ಅದಕ್ಕಿಂತ ಬಹಳ ತೆಳು. ದ್ರವ ಹೊರಗೆ ಹೋಗುತ್ತದಲ್ಲ.) ಈಗ ಕಂಡ ವ್ಯತ್ಯಾಸ ನಿಜಕ್ಕೂ ಉಪ್ಪಿನದು.

ನೀರು ಇಳಿಸಲು ನಮ್ಮದು ಸರಳ ಏರ್ಪಾಡು. ಒಂದು ಸಣ್ಣ ಸ್ಟೀಲ್ ಡಬ್ಬಿ, ತಳದಲ್ಲಿ ಪೊರೆ, ಮೇಲಿನಿಂದ ಸೈಕಲ್ ಪಂಪಿನ ಗಾಳಿ, ಒಂದು ಗೇಜ್. ಒತ್ತಡ 1 ಬಾರ್. 50 ಮಿಲಿಲೀಟರ್ ಇಳಿಯಲು ಎಷ್ಟು ನಿಮಿಷ ಎಂದು ಗಡಿಯಾರ ನೋಡುವುದು. ಉಪ್ಪಿಲ್ಲದ ಹಾಳೆಗೆ ಸುಮಾರು 11 ನಿಮಿಷ. 2 ಗ್ರಾಂ ಉಪ್ಪಿನದಕ್ಕೆ 7. ಉಪ್ಪು ಹೆಚ್ಚಾದರೆ ಇನ್ನೂ ಬೇಗ ಆಗಬೇಕು ಎಂದು ಮಕ್ಕಳು ಕಾದಿದ್ದರು. 7 ಗ್ರಾಂ ಉಪ್ಪಿನದಕ್ಕೆ 16 ನಿಮಿಷ ಹಿಡಿಯಿತು. ಮೂರು ಸಲ ಹೊಸದಾಗಿ ಎಳೆದು ನೋಡಿದೆವು. ಅಂಕಿ ಸ್ವಲ್ಪ ಆಚೀಚೆ ಆಯಿತು, ಕ್ರಮ ಬದಲಾಗಲಿಲ್ಲ.

ಸ್ವಲ್ಪ ಉಪ್ಪು ದಾರಿ ತೆರೆಯುತ್ತದೆ, ಜಾಸ್ತಿ ಉಪ್ಪು ಮುಚ್ಚುತ್ತದೆ. ಯಾಕೆ? ಒಂದೇ ಉಪ್ಪು ಎರಡು ಕೆಲಸ ಮಾಡುತ್ತದೆ. ಒಂದು, ಅದಕ್ಕೆ ನೀರೆಂದರೆ ಆಸೆ. ಪದರವನ್ನು ನೀರಿಗೆ ಇಳಿಸಿದ ಕೂಡಲೇ ನೀರನ್ನು ಒಳಗೆ ಎಳೆಯುತ್ತದೆ. ಉಪ್ಪು ಇರುವ ಗಂಜಿ ನೀರನ್ನು ಸಹಿಸುವುದೂ ಕಡಿಮೆ, ಬೇಗ ಒಡೆಯುತ್ತದೆ, ಅಂದರೆ ಪ್ಲಾಸ್ಟಿಕ್ ದ್ರವದಿಂದ ಬೇರೆಯಾಗಿ ಗಟ್ಟಿಯಾಗುತ್ತದೆ. ಹಾಗೆ ದಿಢೀರನೆ ಒಡೆದರೆ ಒಳಗೆ ಬೆರಳಿನಂಥ ಉದ್ದನೆಯ ಪೊಳ್ಳುಗಳು ಬೆಳೆಯುತ್ತವೆ. ಎರಡು, ಲಿಥಿಯಂ ಅಯಾನು ದ್ರಾವಕದ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದರಿಂದ ಗಂಜಿ ಮಂದ ಆಗುತ್ತದೆ. ಮಂದ ಗಂಜಿಯಲ್ಲಿ ನೀರು ಒಳಗೆ ಬರುವುದೂ ನಿಧಾನ, ದ್ರಾವಕ ಹೊರಗೆ ಹೋಗುವುದೂ ನಿಧಾನ. ಪೊಳ್ಳು ಬೆಳೆಯಲು ಜಾಗವೇ ಸಿಗುವುದಿಲ್ಲ. ಒಳಭಾಗ ಸ್ಪಂಜಿನಂತೆ ಆಗುತ್ತದೆ. ಉಪ್ಪು ಸ್ವಲ್ಪ ಇದ್ದಾಗ ಮೊದಲನೆಯದು ಗೆಲ್ಲುತ್ತದೆ. ಜಾಸ್ತಿ ಆದಾಗ ಎರಡನೆಯದು.

ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಕಣ್ಣಿಂದ ನೋಡಿದರೆ ನಂಬುತ್ತಾರೆ. ಅದಕ್ಕೆ ಹಾಳೆಯನ್ನು ಅಡ್ಡಕ್ಕೆ ಮುರಿಯಬೇಕು. ಕತ್ತರಿಯಲ್ಲಿ ಕತ್ತರಿಸಿದರೆ ಒಳಗಿನ ರಂಧ್ರಗಳು ಹಿಸುಕಿಹೋಗುತ್ತವೆ. ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿದರೆ ಗಾಜಿನಂತೆ ಲಟಕ್ಕನೆ ಮುರಿಯುತ್ತದೆ. ಬಳ್ಳಾರಿಯಲ್ಲಿ ದ್ರವ ನೈಟ್ರೋಜನ್ ಎಲ್ಲಿ ತರುವುದು? ಉತ್ತರ ಹೇಳಿದವಳು ಹಳ್ಳಿಯಿಂದ ಬರುವ ಒಬ್ಬ ಹುಡುಗಿ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವುದು ಅದರಲ್ಲೇ, –196 ಡಿಗ್ರಿಯಲ್ಲಿ. ಅವಳ ಊರಿಗೆ ಬರುವ ಪಶುವೈದ್ಯರನ್ನು ಕೇಳಿದೆವು, ಅರ್ಧ ಲೀಟರ್ ಕೊಟ್ಟರು. ಹಾಳೆಯನ್ನು ಮೊದಲು ಸ್ಪಿರಿಟ್‌ನಲ್ಲಿ ನೆನೆಸಿ, ಆಮೇಲೆ ಅದರಲ್ಲಿ ಅದ್ದಿ, ಇಕ್ಕಳದಲ್ಲಿ ಮುರಿದೆವು.

ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಮ್ಮಲ್ಲಿಲ್ಲ. ಬೇಕಾಗಲೂ ಇಲ್ಲ. ಬೆರಳಿನ ಪೊಳ್ಳುಗಳು ಹತ್ತಾರು ಮೈಕ್ರಾನ್ ಅಗಲ. ಬಾಟನಿ ವಿಭಾಗದ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ, 100 ಪಟ್ಟಿನಲ್ಲಿ, ಸ್ಪಷ್ಟವಾಗಿ ಕಂಡವು. 2 ಗ್ರಾಂ ಉಪ್ಪಿನ ಹಾಳೆಯಲ್ಲಿ ಮೇಲಿಂದ ಕೆಳತನಕ ಸಾಲಾಗಿ ಇಳಿದ ಪೊಳ್ಳುಗಳು, ಆಲದ ಬಿಳಲಿನ ಹಾಗೆ. 7 ಗ್ರಾಂನದರಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೇ ಸಮನೆ ಬೆಳ್ಳಗೆ. ನೀರು ಸೋಸುವ ನಿಜವಾದ ರಂಧ್ರಗಳು ಮೇಲಿನ ತೆಳು ಚರ್ಮದಲ್ಲಿರುತ್ತವೆ. ಅವು ಈ ಮೈಕ್ರೋಸ್ಕೋಪಿಗೆ ಸಿಗುವುದಿಲ್ಲ. ಅದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಪೊಳ್ಳನ್ನೇ ರಂಧ್ರ ಅಂದುಕೊಳ್ಳುತ್ತಾರೆ.

ಮಂಡಕ್ಕಿ ಭಟ್ಟಿಯ ಮನೆಯ ಹುಡುಗನೊಬ್ಬ ಆ ದಿನ ಒಂದು ಮಾತು ಹೇಳಿದ. ಭಟ್ಟಿಯಲ್ಲೂ ಅಕ್ಕಿಗೆ ಉಪ್ಪುನೀರು ಕೊಟ್ಟೇ ಬಿಸಿ ಮರಳಿಗೆ ಹಾಕುತ್ತಾರಂತೆ. ಉಪ್ಪಿನ ಹದ ತಪ್ಪಿದರೆ ಅಕ್ಕಿ ಸರಿಯಾಗಿ ಅರಳುವುದಿಲ್ಲ. ಕಾರಣ ಬೇರೆ, ಅದು ಶಾಖದ ಕೆಲಸ. ಆದರೂ ಬೆಳಿಗ್ಗೆ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತಿಂದು ಕಾಲೇಜಿಗೆ ಬಂದವನು ತಟ್ಟೆಯಿಂದ ಮೈಕ್ರೋಸ್ಕೋಪಿಗೆ ಹಾಗೆ ದಾರಿ ಹುಡುಕಿದ್ದು ನನಗೆ ಬಹಳ ಇಷ್ಟವಾಯಿತು.

ಗಂಜಿಗೆ ಉಪ್ಪು ಹಾಕುವುದು ಹೊಸ ವಿದ್ಯೆಯಲ್ಲ. ಸಮುದ್ರದ ನೀರನ್ನು ಸಿಹಿ ಮಾಡಬಲ್ಲ ಮೊದಲ ಒಳ್ಳೆಯ ಪೊರೆಯಲ್ಲೇ ಅದು ಇತ್ತು. ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅದನ್ನು ಮಾಡಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ, 1960ರ ಆಸುಪಾಸು. ಸೆಲ್ಯುಲೋಸ್ ಅಸಿಟೇಟ್, ಅಸಿಟೋನ್, ನೀರು, ಜೊತೆಗೆ ಮೆಗ್ನೀಸಿಯಂ ಪರ್ಕ್ಲೋರೇಟ್ ಎಂಬ ಉಪ್ಪು. ಉಪ್ಪಿನ ಪಾಲು ನೂರಕ್ಕೆ 1.1 ಮಾತ್ರ. ಮೇಲೆ ತೆಳು ಚರ್ಮ, ಕೆಳಗೆ ತೆರೆದ ಒಡಲು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಊರಿಗೆ ಇಂಥ ಪೊರೆಯಿಂದ ಕುಡಿಯುವ ನೀರು ಸಿಕ್ಕಿತು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವವರು ನಿಂತಿರುವುದು ಇದೇ ವಂಶದ ಪೊರೆಯ ಮುಂದೆ. ನಾವು ಮಾಡಿದ ಹಾಳೆ ಮಾತ್ರ ಆ ಕೆಲಸಕ್ಕೆ ಬಾರದು. ಇದು ಕರಗದ ಕಣಗಳನ್ನು ತಡೆಯುತ್ತದೆ, ಕರಗಿದ ಫ್ಲೋರೈಡನ್ನು ಬಿಟ್ಟುಬಿಡುತ್ತದೆ. ಮಕ್ಕಳು ಮನೆಗೆ ಒಯ್ದು ಕುಡಿಯುವ ನೀರಿಗೆ ಬಳಸದಂತೆ ನಾನು ಪದೇ ಪದೇ ಹೇಳುತ್ತೇನೆ. (ಪರ್ಕ್ಲೋರೇಟ್ ಉಪ್ಪು ಬೆಂಕಿಗೆ ಅಪಾಯ. ಕಾಲೇಜು ಲ್ಯಾಬಿಗೆ ಬೇಡ.)

ಗಂಜಿಗೆ ಹಾಕಿದ ಉಪ್ಪು ಕೊನೆಗೆ ಎಲ್ಲಿ ಹೋಗುತ್ತದೆ? ನೀರಿಗೆ. ಹಾಳೆಯಲ್ಲಿ ಉಳಿಯುವುದಿಲ್ಲ, ಉಳಿಯಲೂಬಾರದು. ಡಿಸ್ಟಿಲ್ಡ್ ವಾಟರಿನಲ್ಲಿ ಹಾಳೆ ಇಳಿಸಿ, ಆಮೇಲೆ ಆ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಕ್ಲೋರೈಡ್. ನೀರು ಬದಲಿಸುತ್ತಾ ಹೋದಂತೆ ಬಿಳುಪು ಕಡಿಮೆಯಾಗುತ್ತದೆ, ಕೊನೆಗೆ ಏನೂ ಕಾಣುವುದಿಲ್ಲ. ನಮ್ಮ ನಲ್ಲಿ ನೀರಿನಲ್ಲಿ ಇದನ್ನು ಮಾಡಬೇಡಿ, ಅದರಲ್ಲಿ ಮೊದಲೇ ಕ್ಲೋರೈಡ್ ಇದೆ. ಹಾಳೆ ಇಳಿಸಿದ ಮೊದಲ ನೀರನ್ನು ಒಂದು ತಂತಿಯ ಕುಣಿಕೆಯಲ್ಲಿ ತೆಗೆದು ಜ್ವಾಲೆಗೆ ಹಿಡಿದರೆ ಕಡುಗೆಂಪು ಬರುತ್ತದೆ, ಲಿಥಿಯಂನ ಬಣ್ಣ. ಆ ಕೆಂಪು ನೋಡಲು ಪಕ್ಕದ ತರಗತಿಯ ಮಕ್ಕಳೂ ಬಂದಿದ್ದರು.

ನೀಲಿ ನೀರಿನ ಪರೀಕ್ಷೆಯಲ್ಲಿ ಮೂರೂ ಹಾಳೆಗಳು ಪಾಸಾದವು. ಮೇಲೆ ನೀಲಿ, ಕೆಳಗೆ ತಿಳಿ. ಆದರೆ ಅರ್ಧ ಗಂಟೆಯೊಳಗೆ ಇಂಡಿಗೊ ಮೇಲೆ ಕೂತು ವೇಗ ಬೀಳುತ್ತದೆ, ಹಾಳೆ ತೆಗೆದು ತೊಳೆಯಬೇಕು. ತೊಳೆದು ತೊಳೆದು ಬಳಸಿದಾಗ ಬೇರೆ ವಿಷಯ ಹೊರಬಂತು. ಬೇಗ ನೀರು ಬಿಡುತ್ತಿದ್ದ 2 ಗ್ರಾಂನ ಹಾಳೆ ನಾಲ್ಕನೇ ಸಲಕ್ಕೆ ಹರಿಯಿತು. ಪೊಳ್ಳುಗಳಿದ್ದ ಕಡೆ ಬಲ ಕಡಿಮೆ. 7 ಗ್ರಾಂನದು ಈಗಲೂ ನಡೆಯುತ್ತಿದೆ. ಪುಸ್ತಕದಲ್ಲಿ ವೇಗಕ್ಕೇ ಹೆಚ್ಚು ಬೆಲೆ. ನನಗಾದರೆ ನಿಧಾನವಾದರೂ ಹರಿಯದ ಹಾಳೆಯೇ ಬೇಕು.

ಬ್ಲೇಡಿಗೆ ವಾಪಸ್ ಬರುತ್ತೇನೆ. ಅದರ ದೊಡ್ಡ ದೋಷ ಈ ಉಪ್ಪಿನಿಂದಲೇ ಗೊತ್ತಾಯಿತು. ಒಂದು ಸಂಜೆ 7 ಗ್ರಾಂನ ಗಂಜಿ ಎಳೆದ ಮೇಲೆ ಬರೀ ಒರೆಸಿ ಇಟ್ಟುಹೋದೆವು. ಬೆಳಿಗ್ಗೆ ನೋಡಿದರೆ ಒಂದು ಮುಖದಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು. ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಮೇಸ್ತ್ರಿಯ ತಪ್ಪಲ್ಲ. ಯಾವ ಸ್ಟೀಲ್ ಬೇಕು ಎಂದು ನಾನು ಹೇಳಬೇಕಿತ್ತು. 316 ದರ್ಜೆ ಇದನ್ನು ಚೆನ್ನಾಗಿ ತಡೆಯುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಅದೃಷ್ಟಕ್ಕೆ ಚುಕ್ಕೆ ಬಿದ್ದದ್ದು 250ರ ಮುಖದಲ್ಲಿ. ಈಗ ಕೆಲಸ ಮುಗಿದ ಕೂಡಲೇ ಮೊದಲು ಸ್ವಲ್ಪ ದ್ರಾವಕದಿಂದ, ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಒರೆಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಇಡುತ್ತೇವೆ. ಮತ್ತೆ ಚುಕ್ಕೆ ಬಂದಿಲ್ಲ.

ಹಿಡಿಕೆ ಇಲ್ಲದ್ದು ಇನ್ನೊಂದು ಕೊರತೆ. ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ದಿಮ್ಮಿ ಜಾರುತ್ತದೆ. ಗ್ಲೌಸ್ ಬಿಡುವ ಹಾಗಿಲ್ಲ. ಡೈಮೀಥೈಲ್ ಅಸಿಟಮೈಡ್ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಲಿವರಿಗೆ ಕೆಟ್ಟದ್ದು, ಗರ್ಭಿಣಿಯರು ಹತ್ತಿರವೂ ಸುಳಿಯಬಾರದು. ಆಸ್ಪತ್ರೆಯ ತೆಳು ಗ್ಲೌಸ್ ಇದಕ್ಕೆ ಸಾಲದು, ಬ್ಯೂಟೈಲ್ ರಬ್ಬರಿನದು ಬೇಕು. ಕೆಲಸ ಫ್ಯೂಮ್ ಹುಡ್, ಅಂದರೆ ಆವಿಯನ್ನು ಹೊರಗೆ ಎಳೆಯುವ ಗೂಡಿನ, ಒಳಗೇ. ಹಾಳೆ ಇಳಿಸಿದ ನೀರನ್ನು ಸಿಂಕಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಇಡುತ್ತೇವೆ. ನೀಲಿ ನೀರು ಶುದ್ಧ ಮಾಡಲು ಹೊರಟವರು ಚರಂಡಿಗೆ ಇದನ್ನು ಬಿಟ್ಟರೆ ಏನು ಬಂತು?

ಐದಕ್ಕೆ ಎಷ್ಟು ಅಂಕ ಎಂದರೆ ನಾಲ್ಕು ಕೊಡುತ್ತೇನೆ. 100ರ ಮುಖಕ್ಕೆ ಅರ್ಧ, ಹಿಡಿಕೆಗೆ ಅರ್ಧ ಕಳೆದೆ. ರಾಯಚೂರು, ಕೊಪ್ಪಳದ ಕಾಲೇಜಿನವರು ಇದಕ್ಕಾಗಿ ಬಳ್ಳಾರಿಗೇ ಬರಬೇಕಿಲ್ಲ. ಸರ್ಫೇಸ್ ಗ್ರೈಂಡಿಂಗ್ ಇರುವ ಯಾವ ಒಳ್ಳೆಯ ಅಂಗಡಿಯಾದರೂ ಆಗುತ್ತದೆ. ನಾಲ್ಕು ಮುಖ ಬೇಡ, ಎರಡು ಸಾಕು, ಆರು ಮತ್ತು ಎಂಟು ಥೌ. ಸ್ಟೀಲ್ 316 ಎಂದು ಬರೆದುಕೊಡಿ. ತೂಕ ಕಡಿಮೆ ಮಾಡಿಸಬೇಡಿ. ಫೀಲರ್ ಗೇಜ್ ಜೊತೆಗೇ ಒಯ್ದು ಅಲ್ಲೇ ಮೂರು ಕಡೆ ಅಳೆದು ದುಡ್ಡು ಕೊಡಿ.

ಹೋದ ವಾರ ಎರಡನೇ ದಿಮ್ಮಿಗೆ ಆರ್ಡರ್ ಕೊಡಲು ಹೋಗಿದ್ದೆ. 2 ಗ್ರಾಂ, 7 ಗ್ರಾಂ, ಎರಡೂ ಹಾಳೆಯ ತುಂಡು ಒಯ್ದಿದ್ದೆ. ಮೇಸ್ತ್ರಿ ಕನ್ನಡಕ ಏರಿಸಿ, ಎರಡನ್ನೂ ಬೆಳಕಿಗೆ ಹಿಡಿದು, ಒಂದೊಂದನ್ನೇ ಎಳೆದು ನೋಡಿದರು. ಏನೂ ಹೇಳದೆ 7 ಗ್ರಾಂನದನ್ನು ಎತ್ತಿಟ್ಟುಕೊಂಡು, ‘ಹ್ಯಾಂಡಲ್ ಎಷ್ಟು ಉದ್ದ ಬೇಕ್ರಿ?’ ಅಂದರು. ಹತ್ತು ಸೆಂಟಿಮೀಟರ್ ಅಂದೆ.